ಕಂದೀಲಿನ ಒಳಗಿನ ಬಯಲು

ಕಳೆದ ವರ್ಷ ನಮ್ಮ ಮನೆಯಲ್ಲಿ ಏಳನೆಯ ತರಗತಿ ಓದುವ ಹುಡುಗಿಗೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಬೆಳಗುವ ಚಂದ್ರನೊಂದು ಬೇಕಾಯಿತು. ಒಳಗೆ ದೀಪ, ಹೊರಗೆ ಚಂದ್ರನ ಮೈ. ದುಂಡಗಿರಬೇಕು, ಟೊಳ್ಳಾಗಿರಬೇಕು, ಒಂದು ನೂಲಿಗೆ ತೂಗುಹಾಕುವಷ್ಟು ಹಗುರವಾಗಿರಬೇಕು. ಹೇಳಲು ಸುಲಭ. ಅಂಗಡಿಯಿಂದ ತಂದ ಥರ್ಮೋಕೋಲ್ ಗುಂಡು ಒಳಗೆಲ್ಲ ತುಂಬಿಕೊಂಡಿತ್ತು, ದೀಪ ಇಡಲು ಜಾಗವೇ ಇರಲಿಲ್ಲ. ಪ್ಲಾಸ್ಟಿಕ್ ಚೆಂಡನ್ನು ಕೊಯ್ದು ಬಲ್ಬು ಇಟ್ಟರೆ ಹತ್ತು ನಿಮಿಷದಲ್ಲಿ ವಾಸನೆ ಬರತೊಡಗಿತು. ಬಲೂನಿನ ಮೇಲೆ ಹಾಳೆ ಅಂಟಿಸಿದ್ದಾಯಿತು. ಅಂಟು ಒಣಗುವ ಮೊದಲೇ ಬಲೂನಿನ ಗಾಳಿ ಇಳಿದು ಚಂದ್ರ ಮೂಲಂಗಿಯಾಗಿಬಿಟ್ಟ.

ಆಗ ನಮಗೆ ನೆನಪಾದದ್ದು ನಮ್ಮ ಗಜೇಂದ್ರಗಡದ ಹಳೆಯ ಓಣಿ. ಮತ್ತು ಆ ಓಣಿಯ ತುದಿಯಲ್ಲಿ ಬುಟ್ಟಿ, ಮೊರ, ತೊಟ್ಟಿಲು ಹೆಣೆಯುತ್ತ ಕೂತಿರುತ್ತಿದ್ದ ಮೇದಾರರ ಅಜ್ಜ.

ಗಜೇಂದ್ರಗಡವೆಂದರೆ ಇತಿಹಾಸದ ಪುಸ್ತಕಗಳಲ್ಲಿ ಒಂದೇ ಒಂದು ಸಾಲು. 1787ರ ಏಪ್ರಿಲ್‌ನಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಇಲ್ಲಿ ಒಪ್ಪಂದವಾಯಿತು, ಯುದ್ಧ ನಿಂತಿತು ಎಂಬುದೇ ಆ ಸಾಲು. ಹಿಂದೆ ರೋಣ ತಾಲ್ಲೂಕಿಗೆ ಸೇರಿದ್ದ, ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಊರಿನ ಗುಡ್ಡದ ಮೇಲೆ ಕೋಟೆಯಿದೆ. ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಕಾಲಕಾಲೇಶ್ವರನ ಗುಡಿಯಿದೆ. ಕೆಳಗಿನ ಓಣಿಗಳಲ್ಲಿ ಕೈಮಗ್ಗಗಳಿದ್ದವು. ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಊರಿದು. ಯಾರು ಯಾರೊಡನೆ ಕಾದಿದರು, ಯಾರು ಯಾರಿಗೆ ಯಾವ ಕೋಟೆ ಬಿಟ್ಟುಕೊಟ್ಟರು ಎಂಬುದೆಲ್ಲ ದಾಖಲೆಯಲ್ಲಿದೆ. ಒಪ್ಪಂದಕ್ಕೆ ಬಂದ ದೊರೆಗಳ ಡೇರೆಗಳಿಗೆ ಕಂದೀಲು ಕಟ್ಟಿದವರು ಯಾರು ಎಂಬುದು ಮಾತ್ರ ಯಾವ ದಾಖಲೆಯಲ್ಲೂ ಇಲ್ಲ. ಈ ಬರಹ ಅಂಥವರ ಕುರಿತು.

ಮೊದಲು ಕಂದೀಲು ಎಂಬ ಶಬ್ದವನ್ನೇ ನೋಡೋಣ. ನಾವು ಬೆಳಿಗ್ಗೆ ಮದರಸಾದಲ್ಲಿ ಅಲಿಫ್ ಬೇ ಕಲಿತು, ಹತ್ತು ಗಂಟೆಗೆ ಕನ್ನಡ ಶಾಲೆಗೆ ಓಡುತ್ತಿದ್ದ ಮಕ್ಕಳು. ಬೆಳಿಗ್ಗೆ ಓದಿದ ‘ಕಿಂದೀಲ್’ ಮಧ್ಯಾಹ್ನ ‘ಕಂದೀಲು’ ಆಗಿ ಕನ್ನಡ ಪಾಠದಲ್ಲಿ ಸಿಕ್ಕಾಗ ನಮಗೆ ಆಶ್ಚರ್ಯವೇನೂ ಆಗಿರಲಿಲ್ಲ. ಎರಡೂ ನಮ್ಮವೇ ಅಂದುಕೊಂಡಿದ್ದೆವು. ಬಹಳ ವರ್ಷಗಳ ಮೇಲೆ ತಿಳಿದದ್ದು, ಅರಬ್ಬಿಯ ಕಿಂದೀಲ್ ಕೂಡ ಅರಬ್ಬಿಯ ಸ್ವಂತ ಶಬ್ದವಲ್ಲ ಎಂದು. ಲ್ಯಾಟಿನ್ನಿನ ‘ಕಂದೇಲ’ ಗ್ರೀಕರ ಮೂಲಕ ಅರಬರಿಗೆ ಬಂತು, ಅಲ್ಲಿಂದ ಪಾರ್ಸಿ, ಉರ್ದುಗಳನ್ನು ಹಾದು ನಮ್ಮ ಕನ್ನಡದ ಪಡಸಾಲೆಗೆ ಬಂದು ತೂಗಿತು. ಅದೇ ಶಬ್ದ ಇನ್ನೊಂದು ದಾರಿ ಹಿಡಿದು ಇಂಗ್ಲಿಷರ ‘ಕ್ಯಾಂಡಲ್’ ಆಯಿತು. ಕಾಗದ ಎಂಬ ಶಬ್ದವೂ ಹಾಗೆಯೇ, ಪಾರ್ಸಿಯ ‘ಕಾಗಜ್’ನ ಬಂಧು. ಗುಮ್ಮಟವೆಂದರೆ ‘ಗುಂಬದ್’. ಆದರೆ ಬಿದಿರು, ಬುಟ್ಟಿ, ನೂಲು, ಅಂಟು ಇವೆಲ್ಲ ಇಲ್ಲಿನ ಮಣ್ಣಿನ ಮಾತುಗಳು. ದೀಪಾವಳಿಗೆ ನಮ್ಮ ಉತ್ತರ ಕರ್ನಾಟಕದ ಮನೆಗಳ ಮುಂದೆ ತೂಗುವ ಆಕಾಶಬುಟ್ಟಿಯನ್ನು ಬಿಚ್ಚಿ ನೋಡಿದರೆ ಈ ಎಲ್ಲ ಶಬ್ದಗಳೂ ಅದರಲ್ಲಿ ಸಿಗುತ್ತವೆ.

ಇನ್ನು ವಸ್ತುವಿನ ವಿಚಾರ. ದುಂಡಗಿನ ಟೊಳ್ಳು ಗೋಲವನ್ನು ಮಾಡುವುದು ಏಕೆ ಕಷ್ಟ? ಹಾಳೆ ಚಪ್ಪಟೆ, ಗೋಲ ಚಪ್ಪಟೆಯಲ್ಲ. ಹಾಳೆಯನ್ನು ಸುರುಳಿ ಸುತ್ತಬಹುದು, ಶಂಖದಂತೆ ಮಡಿಸಬಹುದು. ಆದರೆ ಸುಕ್ಕಾಗದಂತೆ, ಹರಿಯದಂತೆ ಅದನ್ನು ಚೆಂಡಿಗೆ ಹೊದಿಸಲು ಬರುವುದಿಲ್ಲ. ಕಷ್ಟಪಟ್ಟು ಮಾಡಿದರೆ ಮಾತ್ರ ಅದರ ಲಾಭ ದೊಡ್ಡದು. ಒಳಗಿನ ಅಷ್ಟೇ ಜಾಗವನ್ನು ಅತಿ ಕಡಿಮೆ ಹಾಳೆಯಲ್ಲಿ ಮುಚ್ಚಬಲ್ಲ ಆಕಾರ ಗೋಲವೊಂದೇ. 30 ಸೆಂಟಿಮೀಟರ್ ಅಡ್ಡಳತೆಯ ಗೋಲದೊಳಗೆ 14 ಲೀಟರ್ ನೀರು ಹಿಡಿಯುವಷ್ಟು ಜಾಗವಿರುತ್ತದೆ. ಅದರ ಹೊರಮೈ ಮುಚ್ಚಲು ಬೇಕಾಗುವುದು ಸುಮಾರು 2,830 ಚದರ ಸೆಂಟಿಮೀಟರ್ ಹಾಳೆ. ಚದರ ಮೀಟರಿಗೆ 60 ಗ್ರಾಂ ತೂಗುವ ಸಾಧಾರಣ ಹಾಳೆಯಾದರೆ ಅದರ ತೂಕ ಬರೀ 17 ಗ್ರಾಂ. ನೀರು ತುಂಬಿದರೆ 14 ಕಿಲೋ, ಬಯಲು ತುಂಬಿದರೆ 17 ಗ್ರಾಂ!

ಮನುಷ್ಯ ಈ ಬಯಲನ್ನು ಹಿಡಿಯಲು ಕಂಡುಕೊಂಡ ದಾರಿಗಳು ಮುಖ್ಯವಾಗಿ ಮೂರು. ಅಚ್ಚಿನ ಮೇಲೆ ಕಟ್ಟಿ ಅಚ್ಚನ್ನು ತೆಗೆಯುವುದು ಒಂದು. ಎಸಳುಗಳಾಗಿ ಕತ್ತರಿಸಿ ಜೋಡಿಸುವುದು ಇನ್ನೊಂದು. ಪಕ್ಕೆಲುಬುಗಳ ಹಂದರ ಕಟ್ಟಿ ಮೇಲೆ ಹೊದಿಸುವುದು ಮೂರನೆಯದು.

ಅಚ್ಚಿನ ದಾರಿಯಲ್ಲಿ ಬಹುದೂರ ಹೋದವರು ಲಾಹೋರಿನ ಕುಶಲಕರ್ಮಿಗಳು. ಆಕಾಶದ ನಕ್ಷತ್ರಗಳನ್ನು ಕೆತ್ತಿದ ಲೋಹದ ಖಗೋಲಗಳನ್ನು ಇಸ್ಲಾಮೀ ಜಗತ್ತಿನ ಖಗೋಳಜ್ಞರು ಬಹುಕಾಲದಿಂದ ಬಳಸುತ್ತಿದ್ದರು. ಸಾಮಾನ್ಯವಾಗಿ ಎರಡು ಅರ್ಧಗೋಲಗಳನ್ನು ಮಾಡಿ ನಡುವೆ ಬೆಸೆಯುತ್ತಿದ್ದರು. ಅಕ್ಬರನ ಕಾಲದಲ್ಲಿ, ಹಿಜರಿ 998ರಲ್ಲಿ, ಅಂದರೆ 1589-90ರಲ್ಲಿ, ಅಲಿ ಕಾಶ್ಮೀರಿ ಇಬ್ನ್ ಲುಕ್ಮಾನ್ ಎಂಬಾತ ಬೆಸುಗೆಯೇ ಇಲ್ಲದ ಒಂದೇ ಎರಕದ ಟೊಳ್ಳು ಗೋಲವನ್ನು ತಯಾರಿಸಿದ. ಮಣ್ಣಿನ ಗುಂಡು, ಅದರ ಮೇಲೆ ಮೇಣದ ಪದರ, ಅದರ ಮೇಲೆ ಮತ್ತೆ ಮಣ್ಣು. ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ, ಆ ಜಾಗದಲ್ಲಿ ಕಾದ ಲೋಹ ಕೂರುತ್ತದೆ. ಆಮೇಲೆ ಒಳಗಿನ ಮಣ್ಣನ್ನು ಸಣ್ಣ ರಂಧ್ರದಿಂದ ಕೆದಕಿ ತೆಗೆದು ರಂಧ್ರ ಮುಚ್ಚಬೇಕು. ಲಾಹೋರಿನ ಅಲ್ಲಾಹದಾದ್ ಮನೆತನದವರು ತಲೆಮಾರುಗಳವರೆಗೆ ಈ ವಿದ್ಯೆಯಲ್ಲಿ ಪಳಗಿದ್ದರು. ಬೆಸುಗೆಯಿಲ್ಲದೆ ಹೀಗೆ ಗೋಲ ಎರೆಯುವುದು ಸಾಧ್ಯವೇ ಇಲ್ಲವೆಂದು ಇಪ್ಪತ್ತನೆಯ ಶತಮಾನದ ಕೆಲವು ಲೋಹತಜ್ಞರು ನಂಬಿದ್ದರಂತೆ. ಗೋಲಗಳು ಮಾತ್ರ ವಸ್ತುಸಂಗ್ರಹಾಲಯಗಳಲ್ಲಿ ಕಣ್ಣೆದುರಿಗೇ ಇದ್ದವು. ಮಾಡಿದವರ ಮನೆತನದಲ್ಲಿ ಉಳಿದ ಗುಟ್ಟು ಆ ಮನೆತನದೊಂದಿಗೇ ಮುಗಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಇದಕ್ಕೆ ನೂರು ವರ್ಷ ಮೊದಲು, 1492ರಲ್ಲಿ, ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಮಾರ್ಟಿನ್ ಬೆಹೈಮ್ ಭೂಗೋಲವೊಂದನ್ನು ಮಾಡಿಸಿದ. ಇಂದು ಉಳಿದಿರುವ ಭೂಗೋಲಗಳಲ್ಲಿ ಅತಿ ಹಳೆಯದು ಅದೇ. ಅಲ್ಲಿ ಲೋಹವಿಲ್ಲ. ಮಣ್ಣಿನ ಅಚ್ಚಿನ ಮೇಲೆ ಬಟ್ಟೆಯ ಪದರಗಳನ್ನು ಅಂಟಿನಿಂದ ಕೂರಿಸಿ, ಒಣಗಿದ ಮೇಲೆ ಎರಡು ಹೋಳಾಗಿ ಕೊಯ್ದು, ಅಚ್ಚು ತೆಗೆದು, ಮತ್ತೆ ಜೋಡಿಸಿದರು. ಹೆಚ್ಚೂಕಡಿಮೆ ಅರ್ಧ ಮೀಟರ್ ಅಡ್ಡಳತೆಯ ಗೋಲ. 1507ರಲ್ಲಿ ವಾಲ್ಡ್‌ಸೀಮ್ಯುಲರ್ ಎಂಬ ನಕಾಶೆಗಾರ ಎಸಳಿನ ದಾರಿ ಹಿಡಿದ. ಇಡೀ ಭೂಮಿಯನ್ನು 12 ಎಸಳುಗಳಾಗಿ ಒಂದೇ ಹಾಳೆಯಲ್ಲಿ ಅಚ್ಚುಹಾಕಿದ. ಕತ್ತರಿಸಿ ಅಂಟಿಸಿಕೊಂಡರೆ ಅಂಗೈ ಮೇಲೆ ಕೂರುವ ಭೂಮಿ ಸಿದ್ಧ. ಕಿತ್ತಳೆ ಹಣ್ಣಿನ ಸಿಪ್ಪೆಯನ್ನು ತೊಳೆ ತೊಳೆಯಾಗಿ ಬಿಡಿಸಿ ಹರಡಿದ ಹಾಗೆ.

1783ರ ಜೂನ್ 4ರಂದು ಫ್ರಾನ್ಸಿನ ಆನೊನೇ ಎಂಬಲ್ಲಿ ಬಿಸಿಗಾಳಿಯ ಬುಗ್ಗೆಯನ್ನು ಹಾರಿಸಿದ ಮೋಂಟ್‌ಗಾಲ್ಫಿಯರ್ ಸಹೋದರರು ಕಾಗದದ ಕಾರ್ಖಾನೆಯ ಮನೆತನದವರು. ಅವರ ಬುಗ್ಗೆಯೂ ಬಟ್ಟೆಗೆ ಒಳಗಿನಿಂದ ಕಾಗದ ಅಂಟಿಸಿ, ತುಂಡುಗಳನ್ನು ಗುಂಡಿ ಹಾಕಿ ಜೋಡಿಸಿದ್ದು. ಅದೇ ವರ್ಷ ನವೆಂಬರ್ 21ರಂದು ಪ್ಯಾರಿಸಿನಲ್ಲಿ ಮನುಷ್ಯರಿಬ್ಬರು ಅಂಥದೇ ಬುಗ್ಗೆಯಲ್ಲಿ ಆಕಾಶಕ್ಕೇರಿದರು. ಆ ಕಾಗದವಾದರೂ ಯುರೋಪಿಗೆ ಬಂದದ್ದು ಎಲ್ಲಿಂದ? ಚೀನಾದಲ್ಲಿ ಹುಟ್ಟಿ, ಎಂಟನೆಯ ಶತಮಾನದಲ್ಲಿ ಸಮರ್ಕಂದ ಮತ್ತು ಬಗ್ದಾದುಗಳಲ್ಲಿ ನೆಲೆಯೂರಿ, ಅರಬರ ಸ್ಪೇನನ್ನು ಹಾದು ಹೋದದ್ದು. ನಮ್ಮ ದಖನ್ನಿಗೂ ಅದೇ ವಿದ್ಯೆ ಬಂತು. ದೌಲತಾಬಾದಿನ ಬಳಿಯ ಕಾಗಜಿಪುರಕ್ಕೆ ಆ ಹೆಸರು ಬಂದದ್ದೇ ಕೈಕಾಗದ ಮಾಡುವ ಕಾಗಜಿಗಳಿಂದ.

ಮೂರನೆಯದು ಪಕ್ಕೆಲುಬಿನ ದಾರಿ. ಇದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಪಕ್ಕದ ವಿಜಾಪುರದಲ್ಲಿ, ಈಗಿನ ವಿಜಯಪುರದಲ್ಲಿ, ಗೋಲಗುಮ್ಮಟವಿದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿಯ ಮೇಲಿನ ಆ ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ನಡುವೆ ಒಂದು ಕಂಬವಿಲ್ಲ. ಚೌಕಾಕಾರದ ಗೋಡೆಗಳ ಮೇಲೆ ದುಂಡು ಗುಮ್ಮಟ ಕೂರಿಸಲು, ಒಂದನ್ನೊಂದು ದಾಟಿ ಹೆಣೆದುಕೊಳ್ಳುವ ಎಂಟು ಕಮಾನುಗಳನ್ನು ಕಟ್ಟಿದ್ದಾರೆ. ಕೆಳಗೆ ನಿಂತು ತಲೆಯೆತ್ತಿ ನೋಡಿದವರಿಗೆ ಅದು ಕಲ್ಲು-ಗಾರೆಯಲ್ಲಿ ಮಾಡಿದ ದೊಡ್ಡ ಬುಟ್ಟಿಯ ಬಾಯಿಯಂತೆಯೇ ಕಾಣುತ್ತದೆ. ಬುಟ್ಟಿ ಹೆಣೆಯುವವನ ಕೈಗೆ ಗೊತ್ತಿದ್ದ ಸತ್ಯವನ್ನೇ ಆದಿಲಶಾಹಿ ಗವಂಡಿಗಳು ಬೇರೆ ವಸ್ತುವಿನಲ್ಲಿ ಬರೆದರು ಎಂದು ನಮಗೆ ಅನಿಸುತ್ತದೆ.

ಬುಟ್ಟಿ ಹೆಣೆಯುವವರಿಗೆ ನಮ್ಮ ನಾಡಿನಲ್ಲಿ ಹಳೆಯ ಗೌರವವೂ ಇದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ವಚನಕಾರರಲ್ಲಿ ಮೇದಾರ ಕೇತಯ್ಯನೂ ಒಬ್ಬ. ಬಿದಿರು ಸೀಳುವ ಕಾಯಕದವನು ಅನುಭವದ ಮಾತಾಡಬಲ್ಲ ಎಂದು ಒಪ್ಪಿಕೊಂಡ ಕಾಲ ಅದು.

ಆಕಾಶಬುಟ್ಟಿ ಸಾಮಾನ್ಯವಾಗಿ ದುಂಡಗಿರುವುದಿಲ್ಲ. ಬಿದಿರು ಕಡ್ಡಿಗಳ ಚೌಕ, ತ್ರಿಕೋನಗಳನ್ನು ಕಟ್ಟಿ, ಬಣ್ಣದ ಹಾಳೆ ಅಂಟಿಸಿ, ಕೆಳಗೆ ಬಾಲ ಬಿಡುತ್ತಾರೆ. ನಮ್ಮ ಓಣಿಯಲ್ಲಿ ಅದಕ್ಕೆ ಬಿದಿರು ಮೇದಾರರ ಮನೆಯದು. ಬಣ್ಣದ ಹಾಳೆ, ಬೇಗಡಿ ನಮ್ಮವರ ಅಂಗಡಿಯದು. ಅಂಟು ನೇಕಾರರ ಮನೆಯ ಗಂಜಿ. ಹಾಸಿನ ನೂಲಿಗೆ ಹಾಕಿ ಉಳಿದ ಗಂಜಿಯನ್ನು ಮಕ್ಕಳು ಕೇಳಿದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. ಮೊಹರಂ ಬಂದರೆ ಇದೇ ಮೂರು ಮನೆಗಳ ಇದೇ ಸಾಮಾನು ತಾಬೂತಿಗೆ, ಡೋಲಿಗೆ ಹೋಗುತ್ತಿತ್ತು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮುಸಲ್ಮಾನರ ಒಂದು ಮನೆಯೂ ಇಲ್ಲದಿದ್ದರೂ ಅಲಾಯಿ ಕುಣಿ ಇದೆ, ಪಂಜಾ ಕೂರಿಸುತ್ತಾರೆ, ರಿವಾಯತ್ ಹಾಡುತ್ತಾರೆ ಎಂಬುದು ಓದುಗರಿಗೆ ಗೊತ್ತಿರುವುದೇ. ಡೋಲಿಯ ಮೇಲಿನ ಸಣ್ಣ ಗುಮ್ಮಟಕ್ಕೆ ಬಿದಿರು ಬಾಗಿಸುತ್ತಿದ್ದ ಕೈ, ಆಕಾಶಬುಟ್ಟಿಗೆ ಬಿದಿರು ಸೀಳುತ್ತಿದ್ದ ಕೈಯೇ. ಅದು ಯಾರ ಹಬ್ಬದ ಬಿದಿರು ಎಂದು ಬಿದಿರನ್ನು ಯಾರೂ ಕೇಳುತ್ತಿರಲಿಲ್ಲ.

ಚಂದ್ರನ ಕೆಲಸಕ್ಕೆ ನಾವು ಅಜ್ಜನ ಮನೆ ಹುಡುಕಿಕೊಂಡು ಹೋದೆವು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಹೆಣಿಗೆ ಬಿಟ್ಟು ವರ್ಷಗಳಾಗಿವೆ, ಮಗ ಬೇರೆ ಊರಿನಲ್ಲಿ ದುಡಿಯುತ್ತಾನೆ. ವಿಷಯ ಹೇಳಿದೆವು. ಆತ ಕೇಳಿದ ಮೊದಲ ಮಾತು, “ಯಾರ ಹಬ್ಬಕ್ರೀ ಸಾಹೇಬ್ರ?”

ನಾವು ತಡವರಿಸಿದೆವು. ಅಜ್ಜನ ದನಿಯಲ್ಲಿ ಕೊಂಕಿರಲಿಲ್ಲ. ಆದರೆ ಐವತ್ತು ವರ್ಷ ಬಿದಿರು ಕೊಟ್ಟ ಮನುಷ್ಯ ಆ ಪ್ರಶ್ನೆ ಕೇಳುವುದನ್ನು ಕಲಿತದ್ದು ಯಾವಾಗ? 2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಮಳಿಗೆ ಕೊಡಬಾರದೆಂದು ಫಲಕ ಹಾಕಿದ್ದನ್ನು ನಾವೆಲ್ಲ ಓದಿದ್ದೇವೆ. ಅಂಥ ಸುದ್ದಿಗಳು ಗುಡ್ಡ ದಾಟಿ ಬರಲು ಬಹಳ ಹೊತ್ತು ಬೇಕಿಲ್ಲ. ಆದರೆ ತಪ್ಪನ್ನೆಲ್ಲ ಆಚೆಯವರ ಮೇಲೆ ಹಾಕಿ ಕೈತೊಳೆದುಕೊಳ್ಳಲು ನಮಗೆ ಮನಸ್ಸಾಗಲಿಲ್ಲ. ಡೋಲಿ ನಮ್ಮ ದೀನಿನ ಭಾಗವಲ್ಲ ಎಂದು ನಮ್ಮ ಮನೆಗಳಲ್ಲೇ ಮಾತು ಶುರುವಾಗಿ, ನಮ್ಮ ಓಣಿಯ ಡೋಲಿ ನಿಂತಿತು. ಆ ವಾದದ ಸರಿತಪ್ಪನ್ನು ತೂಗುವುದು ಈ ಬರಹದ ಉದ್ದೇಶವಲ್ಲ. ಡೋಲಿ ನಿಂತ ವರ್ಷ ಬಿದಿರಿನ ಮನೆಗೆ ಹೋಗಿ ಒಂದು ಮಾತು ಹೇಳಿ ಬರಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದು ನಮ್ಮ ತಪ್ಪು.

“ಹಬ್ಬಕ್ಕಲ್ಲ ಅಜ್ಜಾ, ಸಾಲಿಗೆ. ಚಂದ್ರನ್ನ ಮಾಡಬೇಕು” ಎಂದಳು ಹುಡುಗಿ.

ಅಜ್ಜ ನಕ್ಕ. “ಚಂದ್ರ ಅಂದ್ರ ಇಬ್ರಿಗೂ ಬೇಕಲ್ಲವಾ” ಎಂದು ಒಳಗಿನಿಂದ ಹಳೆಯ ಕತ್ತಿ ತರಿಸಿದ.

ಮುಂದಿನದು ವಿದ್ಯೆ. ಆತ ಒಂದು ಸೆಂಟಿಮೀಟರ್ ಅಗಲದ ಆರು ತೆಳು ಸೀಳುಗಳನ್ನು ತೆಗೆದ. ಒಂದೊಂದೂ ಒಂದು ಮೀಟರ್ ಉದ್ದ. “ಒಣಾ ಬಿದಿರು ಬಗ್ಗಿಸಿದ್ರ ಮುರೀತೈತಿ, ಹಸೀದು ಬಗ್ಗಿದಂಗ ನಿಂದ್ರೂದಿಲ್ಲ. ನೆನಿಸಿ ಬಗ್ಗಿಸ್ಬೇಕು, ಬಗ್ಗಿಸಿ ಒಣಗಿಸ್ಬೇಕು” ಎಂದ. ರಾತ್ರಿಯಿಡೀ ನೀರಿನಲ್ಲಿ ನೆನೆದ ಸೀಳುಗಳನ್ನು ಮರುದಿನ ಬಳೆಗಳಂತೆ ದುಂಡಗೆ ಬಾಗಿಸಿದ. 30 ಸೆಂಟಿಮೀಟರ್ ಗೋಲದ ಸುತ್ತಳತೆ 94 ಸೆಂಟಿಮೀಟರ್, ಉಳಿದ ಆರು ಸೆಂಟಿಮೀಟರ್ ಒಂದರ ಮೇಲೊಂದು ಕೂತು ನೂಲಿನ ಬಿಗಿತಕ್ಕೆ. ಆರು ಬಳೆಗಳು. ಪ್ರತಿ ಬಳೆಯೂ ಉಳಿದ ಐದನ್ನು ಎರಡೆರಡು ಸಲ ದಾಟಬೇಕು. ಒಂದು ಸಲ ಮೇಲಿನಿಂದ ದಾಟಿದರೆ ಮುಂದಿನದನ್ನು ಕೆಳಗಿನಿಂದ. ಒಟ್ಟು 30 ಕೂಡುಗಳು, ಒಂದರಿಂದ ಇನ್ನೊಂದಕ್ಕೆ ಒಂಬತ್ತೂವರೆ ಸೆಂಟಿಮೀಟರಿನಷ್ಟು ಅಂತರ. ಹೆಣೆದಾದ ಮೇಲೆ ಎಣಿಸಿ ನೋಡಿದರೆ ಐದು ಮೂಲೆಯ 12 ಕಿಂಡಿಗಳು, ಮೂರು ಮೂಲೆಯ 20 ಕಿಂಡಿಗಳು. ಮಲಯಾ, ಥಾಯ್ಲೆಂಡ್‌ಗಳಲ್ಲಿ ಕಾಲಿನಿಂದ ಆಡುವ ಬೆತ್ತದ ಚೆಂಡಿನ ಹೆಣಿಗೆಯೂ ಇದೇ. ಅಜ್ಜ ಅದನ್ನು ಕಂಡವನಲ್ಲ. ಗಣಿತದವರು ಈ ಆಕಾರಕ್ಕೆ ಗ್ರೀಕ್ ಹೆಸರೊಂದನ್ನು ಕೊಟ್ಟಿದ್ದಾರೆಂದು ಹೇಳಿದರೆ, “ಹೆಸರು ಏನರ ಇರ್ಲಿ, ಬಿಗಿ ನೋಡ್ರಿ” ಎಂದು ನೆಲಕ್ಕೆ ಒಮ್ಮೆ ಪುಟಿಸಿ ತೋರಿಸಿದ.

ಹಂದರವಾಯಿತು, ಇನ್ನು ಹೊದಿಕೆ. ಇಲ್ಲಿ ನಾವು ನಕಾಶೆಗಾರರ ಎಸಳನ್ನು ನೆಚ್ಚಿಕೊಂಡೆವು. 12 ಎಸಳು. ಪ್ರತಿ ಎಸಳಿನ ಉದ್ದ ಸುತ್ತಳತೆಯ ಅರ್ಧ, 47 ಸೆಂಟಿಮೀಟರ್. ನಡುವಿನ ಅಗಲ ಸುತ್ತಳತೆಯ ಹನ್ನೆರಡನೆಯ ಒಂದು ಭಾಗ, 7.8 ಸೆಂಟಿಮೀಟರ್. ನಡುವಿನಿಂದ ತುದಿಯತ್ತ ಅಷ್ಟೇ ದೂರ, ಅಂದರೆ 7.8 ಸೆಂಟಿಮೀಟರ್ ಸರಿದರೆ ಅಗಲ 6.8ಕ್ಕೆ ಇಳಿಯಬೇಕು, ಇನ್ನೂ ಅಷ್ಟು ಸರಿದರೆ 3.9ಕ್ಕೆ, ತುದಿಯಲ್ಲಿ ಸೊನ್ನೆ. ಈ ಬಿಂದುಗಳನ್ನು ಕೈಯಿಂದ ನಯವಾಗಿ ಸೇರಿಸಿದರೆ ಎಸಳು. ಒಂದು ಬದಿಗೆ ಅಂಟಿಗಾಗಿ ಅರ್ಧ ಸೆಂಟಿಮೀಟರ್ ಬಿಡಬೇಕು. ಒಂದಳತೆ ಮೈದಾಹಿಟ್ಟಿಗೆ ನಾಲ್ಕಳತೆ ನೀರು ಹಾಕಿ, ಗಂಟಾಗದಂತೆ ಕದಡಿ, ಹೊಳಪು ಬರುವವರೆಗೆ ಕುದಿಸಿದ್ದೇ ಅಂಟು. ಹುಳು ಹಿಡಿಯದಿರಲೆಂದು ಪುಸ್ತಕ ಕಟ್ಟುವವರು ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳು ಕೈಯಿಡುವ ಕೆಲಸಕ್ಕೆ ಬೇಡವೆಂದು ನಾವು ಬಿಟ್ಟೆವು.

ಮೇಲಿನ ತುದಿ, ಕೆಳಗಿನ ತುದಿ ಎರಡೂ ಐದು ಮೂಲೆಯ ಕಿಂಡಿಯ ನಡುವೆ ಬರುವಂತೆ ನೋಡಿಕೊಂಡು, ಎಸಳುಗಳ ತುದಿಯನ್ನು ಮೂರು ಸೆಂಟಿಮೀಟರಿನಷ್ಟು ಕತ್ತರಿಸಿದೆವು. ಕೆಳಗಿನಿಂದ ದೀಪ ಹೋಗಬೇಕು, ಮೇಲಿನಿಂದ ಬಿಸಿ ಹೋಗಬೇಕು. ಹಿಂದೆ ಆಕಾಶಬುಟ್ಟಿಯೊಳಗೆ ಪಣತಿ ಇಡುತ್ತಿದ್ದ ಕಾಲದಲ್ಲಿ ಗಾಳಿ ಬೀಸಿದರೆ ಬುಟ್ಟಿ ಹೊತ್ತಿ ಉರಿಯುತ್ತಿತ್ತು. ನಾವು ಮಕ್ಕಳಿದ್ದಾಗ ಒಂದು ವರ್ಷ ಸೂರಿಗೆ ಕಿಡಿ ತಗುಲಿ, ಕೊಡ ಹಿಡಿದು ಓಡಿ ಬಂದವರಲ್ಲಿ ನಮ್ಮ ದಾದಾ ಕೂಡ ಇದ್ದರು. ಆಮೇಲೆ ಬಂದ ತಂತಿಯ ಬಲ್ಬುಗಳೂ ವಿದ್ಯುತ್ತಿನ ಬಹುಪಾಲನ್ನು ಬಿಸಿಯಾಗಿಯೇ ಚೆಲ್ಲುತ್ತಿದ್ದವು. ಈಗಿನ ಎಲ್‌ಇಡಿ ದೀಪ ಆ ಅಪಾಯವನ್ನು ಬಹಳ ತಗ್ಗಿಸಿದೆ. ಮೂರು ವ್ಯಾಟಿನ ಒಂದು ದೀಪ ಸಾಕು. ಆದರೂ ಹಾಳೆಗೆ ತಾಗದಂತೆ ನಡುವೆ ತೂಗಬೇಕು.

ಗೋಲ ಮುಗಿದ ಮೇಲೆ ಹುಡುಗಿ ತೆಳು ಬೂದಿಬಣ್ಣದಿಂದ ಚಂದ್ರನ ಕಲೆಗಳನ್ನು ಬರೆದಳು. ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದೆವು. ನೂರು ಗ್ರಾಂ ಬಟ್ಟಿಗೆ ಮೇಲೇಳಲಿಲ್ಲ.

1951ರಲ್ಲಿ ಇಸಾಮು ನೊಗುಚಿ ಎಂಬ ಶಿಲ್ಪಿ ಜಪಾನಿನ ಗಿಫು ಎಂಬ ಊರಿಗೆ ಹೋದ. ಮರದ ಅಚ್ಚಿನ ಮೇಲೆ ಬಿದಿರು ಸುತ್ತಿ, ಕಾಗದ ಅಂಟಿಸಿ, ಅಚ್ಚು ಬಿಚ್ಚಿ ತೆಗೆಯುವ ಅಲ್ಲಿನ ಹಳೆಯ ಕಂದೀಲುಗಾರರೊಡನೆ ಸೇರಿ ಹೊಸ ಬಗೆಯ ದೀಪಗಳನ್ನು ರೂಪಿಸಿದ. ಅವು ಇಂದಿಗೂ ಗಿಫುವಿನಲ್ಲೇ ಕೈಯಿಂದ ತಯಾರಾಗುತ್ತವೆ, ಜಗತ್ತಿನ ಮನೆಗಳಲ್ಲಿ ತೂಗುತ್ತವೆ. ಆ ಊರಿನವರಿಗಿದ್ದ ಕೈಗುಣ ನಮ್ಮ ಅಜ್ಜನಿಗೆ ಕಡಿಮೆಯೇನೂ ಇರಲಿಲ್ಲ. ಅಲ್ಲಿಗೆ ಒಬ್ಬ ಹುಡುಕಿಕೊಂಡು ಹೋದ, ಇಲ್ಲಿಗೆ ನಾವು ಹೋಗಲಿಲ್ಲ. ಪೇಟೆಯಲ್ಲಿ ಮಡಿಸಿಟ್ಟ ಪ್ಲಾಸ್ಟಿಕ್ ಆಕಾಶಬುಟ್ಟಿ ಬಂತು, ಎಲ್ಲರೂ ಅದನ್ನೇ ತಂದೆವು. ದ್ವೇಷಕ್ಕಿಂತ ಮೊದಲೇ ಬಂದು ಮೂರು ಮನೆಗಳ ಕೊಂಡಿ ಕಳಚಿದ್ದು ಈ ಸೋಮಾರಿತನ. ಒಬ್ಬರಿಂದ ಒಬ್ಬರಿಗೆ ಏನೂ ಬೇಕಾಗದ ಓಣಿಯಲ್ಲಿ ಸಂಶಯ ಬೇಗ ಬೆಳೆಯುತ್ತದೆ.

ಪ್ರದರ್ಶನದ ದಿನ ಶಾಲೆಯ ಕೋಣೆಯ ಕಿಟಕಿ ಮುಚ್ಚಿ ದೀಪ ಹೊತ್ತಿಸಿದಾಗ ಬಿದಿರಿನ ಆರು ಬಳೆಗಳ ನೆರಳು ಚಂದ್ರನ ಮೈಮೇಲೆ ಮಸುಕಾಗಿ ಮೂಡಿತು. ಚಂದ್ರನಿಗೆ ಅಂಥ ಗೆರೆಗಳಿಲ್ಲವಲ್ಲ ಎಂದು ಒಬ್ಬ ಮೇಷ್ಟ್ರು ತಪ್ಪು ಹಿಡಿದರು. ಅವು ಅಜ್ಜನವು ಎಂದಳು ಹುಡುಗಿ. ಎರಡನೆಯ ಬಹುಮಾನ ಬಂತು.

ಆ ಸಂಜೆ ಗೋಲವನ್ನು ಅಜ್ಜನ ಮನೆಗೆ ಒಯ್ದೆವು. ಆತ ಅದನ್ನು ಕೈಯಲ್ಲಿ ತಿರುಗಿಸಿ, ಒಂದು ಕೂಡಿನ ಹತ್ತಿರ ಬೆರಳಿಟ್ಟು, “ಇಲ್ಲಿ ಸಡ್ಲ ಆಗೇತಿ. ದೀಪಾವಳಿಗೆ ಒಂದು ತಿಂಗಳ ಮೊದಲ ಬರ್ರಿ, ಗಟ್ಟೀದು ಮಾಡೂಣು” ಎಂದ. ಬರುತ್ತೇವೆ ಎಂದೆವು. ಈ ಸಲವಾದರೂ ಆ ಮಾತು ನಡೆಸಬೇಕು.